ಮಂಡಿಗೆ ಸೂಜಿ ಹಾಕಿಸಿಕೊಳ್ಳುವ ಹಿರಿಯರಿಗೊಂದು ಬಹಿರಂಗ ಪತ್ರ

ಮಂಡಿನೋವು, ಭುಜನೋವು, ಸೊಂಟನೋವೆಂದು ಆಸ್ಪತ್ರೆಯ ಬೆಂಚಿನ ಮೇಲೆ ಚೀಟಿ ಹಿಡಿದು ಕೂರುವ ಎಲ್ಲ ಹಿರಿಯರೇ,

2025ರ ಮೇ ತಿಂಗಳಲ್ಲಿ ಕೊರೊನಾ ಮತ್ತೆ ಟಿವಿಗೆ ಬಂದಾಗ ಅದರ ಬೆನ್ನಿಗೇ ಒಂದು ಹಳೆಯ ಪ್ರಶ್ನೆಯೂ ಬಂತು. “ಮಂಡಿಗೆ ಸೂಜಿ ಹಾಕಿಸ್ಕೊಂಡ್ರೆ ಕೊರೊನಾ ಬೇಗ ಅಂಟ್ಕೊಳ್ಳುತ್ತಂತೆ, ನಿಜವಾ ಡಾಕ್ಟ್ರೇ?” 2020ರಲ್ಲಿ ಇದೇ ಪ್ರಶ್ನೆಯನ್ನು ನೀವು ಫೋನಿನಲ್ಲಿ ಕೇಳುತ್ತಿದ್ದಿರಿ. ಲಾಕ್‌ಡೌನ್ ಸಡಿಲಾಗಿ ಮೂಳೆ ಡಾಕ್ಟರ ಬಾಗಿಲು ತೆರೆದ ಮೇಲೂ ಒಳಗೆ ಕಾಲಿಡದೆ, ಮೆಟ್ಟಿಲನ್ನು ಕೂತು ಕೂತು ಇಳಿಯುತ್ತ, ರಾತ್ರಿ ಮಗ್ಗುಲು ಬದಲಿಸಲಾಗದೆ ನರಳುತ್ತ ಕಾಲ ತಳ್ಳಿದವರು ನಿಮ್ಮಲ್ಲಿ ಬಹಳ ಜನ. ಆ ಸೂಜಿಯಲ್ಲಿರುವುದು ಸ್ಟೀರಾಯ್ಡ್ ಎಂದು ತಿಳಿದ ಇನ್ನು ಕೆಲವರ ಲೆಕ್ಕ ಉಲ್ಟಾ. “ಕೊರೊನಾಗೆ ಆಸ್ಪತ್ರೇಲಿ ಸ್ಟೀರಾಯ್ಡೇ ಅಲ್ವಾ ಕೊಡೋದು? ಅದು ಮೈಯಲ್ಲಿದ್ರೆ ಕೊರೊನಾ ಹತ್ರಾನೇ ಬರಲ್ಲ ಬಿಡಿ.” ಎರಡು ಮಾತನ್ನೂ ಒಂದೇ ಬೀದಿಯಲ್ಲಿ ಕೇಳಿದ್ದೇನೆ. ಗಂಡ ಒಂದು, ಹೆಂಡತಿ ಇನ್ನೊಂದು ಹೇಳುವ ಮನೆಗಳೂ ಇದ್ದವು.

ನಾನು ತಾಲ್ಲೂಕು ಊರಿನಲ್ಲಿ ಬಹಳ ವರ್ಷ ಶಾಪು ನಡೆಸಿ ಈಗ ಬಾಗಿಲು ಹಾಕಿಕೊಂಡಿರುವ ಸಾಮಾನ್ಯ ವೈದ್ಯ. ಮೂಳೆ ತಜ್ಞನಲ್ಲ, ಆದರೆ ಮೂಳೆ ತಜ್ಞರು ಬರೆದುಕೊಟ್ಟ ಚೀಟಿಗಳನ್ನು ನಿಮ್ಮ ಕೈಯಿಂದ ಇಸಿದುಕೊಂಡು ಓದಿ ಹೇಳುವುದೇ ಅರ್ಧ ಕೆಲಸವಾಗಿತ್ತು. ಫೋನಿನಲ್ಲಿ ಒಬ್ಬೊಬ್ಬರಿಗೆ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಹೇಳುವುದು ಬೇಡ. ಮೂಳೆ ಡಾಕ್ಟರು ಹೆಸರು ಬರೆದು, ಮಂಡಿ ತೊಳೆದು, ಕೈಗೆ ಗ್ಲೌಸ್ ಹಾಕಿಕೊಂಡು ಕೊಡುವ ಸೂಜಿಗೆ ನೀವು ಹೆದರುತ್ತೀರಿ. ಸಂತೆಗೆ ಹೋದ ದಿನ ಮೈಕೈ ನೋವೆಂದು ಸೊಂಟಕ್ಕೆ ಹಾಕಿಸಿಕೊಂಡು ಬರುವ, ಹೆಸರೇ ಗೊತ್ತಿಲ್ಲದ ಸೂಜಿಗೆ ಹೆದರುವುದಿಲ್ಲ. ಕೊರೊನಾ ಕಾಲದಲ್ಲಿ ಜನರನ್ನು ಕಾಡಿದ್ದು ಹೆಚ್ಚಾಗಿ ಹೀಗೆ ಹೆಸರು, ಅಳತೆ ನೋಡದೆ ಮೈಗೆ ಸೇರಿದ ಔಷಧಿ.

ಮಂಡಿಯೊಳಗೆ ಸ್ಟೀರಾಯ್ಡ್ ಹಾಕುವ ಪದ್ಧತಿ ಎಲ್ಲಿಂದ ಬಂತೆಂದು ಸ್ವಲ್ಪ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ಎಡ್ವರ್ಡ್ ಕೆಂಡಲ್ ಎಂಬ ರಸಾಯನ ವಿಜ್ಞಾನಿ ಬೇರ್ಪಡಿಸಿದ್ದ ಒಂದು ವಸ್ತುವನ್ನು ಸಂಧಿವಾತದಿಂದ ಏಳಲೂ ಆಗದಿದ್ದ ಒಬ್ಬ ಮಹಿಳೆಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ಆ ವಸ್ತುವಿಗೆ ಕಾರ್ಟಿಸೋನ್ ಎಂದು ಹೆಸರಾಯಿತು. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಕ್‌ಸ್ಟೈನ್ ಮೂವರಿಗೂ ಸೇರಿ ನೊಬೆಲ್ ಬಂತು. ರೋಗಿಗೆ ಮೊದಲು ಕೊಟ್ಟು ಎರಡೇ ವರ್ಷಕ್ಕೆ ನೊಬೆಲ್ ಎಂದರೆ ಆಗಿನವರಿಗೆ ಅದು ಎಷ್ಟು ದೊಡ್ಡ ಪವಾಡವಾಗಿ ಕಂಡಿರಬೇಕು, ಯೋಚಿಸಿ.

ಪವಾಡದ ಬೆನ್ನಿಗೇ ಅದರ ಬೆಲೆಯೂ ಗೊತ್ತಾಗತೊಡಗಿತು. ಮುಖ ಊದುವುದು, ಚರ್ಮ ತೆಳ್ಳಗಾಗುವುದು, ಮೂಳೆ ಸವೆಯುವುದು, ಷುಗರ್ ಏರುವುದು, ಸೋಂಕು ಬೇಗ ತಗಲುವುದು. ಆಗ ವೈದ್ಯರಿಗೆ ಹೊಳೆದದ್ದು ಸರಳವಾದ ಉಪಾಯ. ಇಡೀ ಮೈಗೆ ಯಾಕೆ, ನೋಯುವ ಕೀಲಿಗೆ ಮಾತ್ರ ಹಾಕಿದರೆ ಸಾಲದೇ? ಫಿಲಡೆಲ್ಫಿಯಾದ ಜೋಸೆಫ್ ಹಾಲಂಡರ್ ಮತ್ತು ಅವರ ಜೊತೆಗಾರರು 1951ರಲ್ಲಿ ಹೈಡ್ರೋಕಾರ್ಟಿಸೋನನ್ನು ನೇರವಾಗಿ ಕೀಲಿನೊಳಗೆ ಕೊಟ್ಟು ನೋಡಿದ ಫಲ ಪ್ರಕಟಿಸಿದರು. ನಿಮ್ಮ ಮಂಡಿಗೆ ಬೀಳುವ ಸೂಜಿ ಆ ಮನೆತನದ್ದು. ಮೈಗೆ ಸ್ಟೀರಾಯ್ಡ್ ಕಡಿಮೆ ಮುಟ್ಟಲಿ ಎಂದೇ ಅದು ಹುಟ್ಟಿತು.

ಕಡಿಮೆ ಎಂದೆ, ಸ್ವಲ್ಪವೂ ಇಲ್ಲ ಎನ್ನಲಿಲ್ಲ. ಈಗ ಸಾಮಾನ್ಯವಾಗಿ ಹಾಕುವ ಟ್ರಯಾಮ್‌ಸಿನೊಲೋನ್ ಅಥವಾ ಮಿಥೈಲ್ ಪ್ರೆಡ್ನಿಸೊಲೋನ್ (ನಿಮ್ಮ ಚೀಟಿಯಲ್ಲಿ ಕೆನಾಕಾರ್ಟ್, ಡೆಪೊ-ಮೆಡ್ರಾಲ್ ಎಂದು ಇರುತ್ತದೆ) ಹಾಲಿನಂತೆ ಬೆಳ್ಳಗಿರುತ್ತದೆ, ಗಮನಿಸಿದ್ದೀರಾ? ಅದರಲ್ಲಿ ಸಣ್ಣ ಸಣ್ಣ ಹರಳುಗಳಿರುತ್ತವೆ. ಕೀಲಿನೊಳಗೆ ಕೂತು ನಿಧಾನವಾಗಿ ಕರಗುತ್ತವೆ. ಕರಗಿದ್ದರಲ್ಲಿ ಒಂದು ಪಾಲು ರಕ್ತಕ್ಕೂ ಸೇರುತ್ತದೆ. ನಮ್ಮ ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ಸ್ಟೀರಾಯ್ಡನ್ನು ತಾವೇ ತಯಾರಿಸುತ್ತವೆ. ರಕ್ತದಲ್ಲಿ ಹೊರಗಿನ ಸ್ಟೀರಾಯ್ಡ್ ಕಂಡ ಕೂಡಲೇ ಮಿದುಳು ಅವುಗಳಿಗೆ ಸುಮ್ಮನಿರಿ ಎನ್ನುತ್ತದೆ. ಒಂದೇ ಒಂದು ಮಂಡಿ ಸೂಜಿಯಾದರೂ ಹೀಗೆ ಒಂದರಿಂದ ನಾಲ್ಕು ವಾರ ಗ್ರಂಥಿ ಮಂಕಾಗಿರಬಹುದು. ಷುಗರ್ ಇರುವವರಲ್ಲಿ ಕೆಲವು ದಿನ ಷುಗರ್ ಏರುತ್ತದೆ. ಮಂಡಿಗೆ ಹಾಕಿದ್ದು ಮಂಡಿಯಲ್ಲೇ ಇರುತ್ತದೆ ಎಂದು ಯಾರಾದರೂ ಹೇಳಿದ್ದರೆ ಅದು ಮುಕ್ಕಾಲು ಸತ್ಯ.

ಉಳಿದ ಕಾಲು ಭಾಗವೇ 2020ರಲ್ಲಿ ಬ್ರಿಟನ್ನಿನ ವೈದ್ಯರ ನಿದ್ದೆ ಕೆಡಿಸಿದ್ದು. ಆ ವರ್ಷ ಮಾರ್ಚ್‌ನಲ್ಲಿ ಅಲ್ಲಿನ ನೋವು ಚಿಕಿತ್ಸೆ ಮತ್ತು ಸಂಧಿವಾತ ತಜ್ಞರ ಸಂಘಗಳು ಕೀಲಿಗೆ, ಬೆನ್ನಿಗೆ ಹಾಕುವ ಸ್ಟೀರಾಯ್ಡ್ ಸೂಜಿಗಳನ್ನು ತೀರಾ ಅಗತ್ಯವಿದ್ದರೆ ಮಾತ್ರ ಹಾಕಿ ಎಂದು ಸೂಚಿಸಿದವು. ಅವರ ಕೈಯಲ್ಲಿ ಕೊರೊನಾದ ಲೆಕ್ಕ ಇನ್ನೂ ಇರಲಿಲ್ಲ. ಇದ್ದದ್ದು ಫ್ಲೂ ಜ್ವರದ್ದು. 2018ರಲ್ಲಿ ಅದೇ ಮೇಯೊ ಕ್ಲಿನಿಕ್‌ನವರು, ಫ್ಲೂ ಲಸಿಕೆ ಹಾಕಿಸಿಕೊಂಡಿದ್ದ ಸಾವಿರಾರು ಜನರ ದಾಖಲೆ ತೆಗೆದು ನೋಡಿದ್ದರು. ಕೀಲಿಗೆ ಸ್ಟೀರಾಯ್ಡ್ ಹಾಕಿಸಿಕೊಂಡವರಲ್ಲಿ ಫ್ಲೂ ಬಂದ ಪ್ರಮಾಣ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು. ಒಂದೂವರೆ ಪಟ್ಟು ಎಂದರೆ ಗಾಬರಿಯಾಗುತ್ತದೆ. ಆದರೆ ಸಣ್ಣ ಸಂಖ್ಯೆಯ ಒಂದೂವರೆ ಪಟ್ಟೂ ಸಣ್ಣದೇ. ಜೊತೆಗೆ, ಸೂಜಿ ಹಾಕಿಸಿಕೊಳ್ಳುವವರು ಆಸ್ಪತ್ರೆಗೆ ಹೆಚ್ಚು ಸಲ ಬರುತ್ತಾರೆ, ಕೆಮ್ಮುವವರ ಪಕ್ಕ ಕೂರುತ್ತಾರೆ. ಹಳೆಯ ದಾಖಲೆ ನೋಡಿ ಮಾಡುವ ಇಂಥ ಲೆಕ್ಕದಲ್ಲಿ ಸೂಜಿಯ ಪಾಲೆಷ್ಟು, ಬೆಂಚಿನ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಲಸಿಕೆಯಿಲ್ಲ, ಔಷಧಿಯಿಲ್ಲ, ರೋಗದ ಗುಣ ಗೊತ್ತಿಲ್ಲ, ಸೂಜಿಗೆ ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಅಂಥ ಹೊತ್ತಿನಲ್ಲಿ ಆ ಎಚ್ಚರಿಕೆ ಸರಿಯಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ. ಆಮೇಲೆ ಕೊರೊನಾದ್ದೇ ಲೆಕ್ಕಗಳು ಬಂದವು. ಕೀಲಿಗೆ ಒಂದು ಸಲ ಸೂಜಿ ಹಾಕಿಸಿಕೊಂಡವರಿಗೆ ಕೊರೊನಾ ಹೆಚ್ಚು ಅಂಟಿತೆಂದು ಅವುಗಳಲ್ಲಿ ಗಟ್ಟಿಯಾಗಿ ಕಾಣಲಿಲ್ಲ. ನಿಂತುಹೋಗಿದ್ದ ಸೂಜಿಗಳು ಒಂದೊಂದೇ ಊರಿನಲ್ಲಿ ಮತ್ತೆ ಶುರುವಾದವು. ಎಚ್ಚರಿಕೆಯ ಸುದ್ದಿ ನಿಮ್ಮ ತನಕ ಬಂತು, ಅದು ಸಡಿಲಾದ ಸುದ್ದಿ ಬರಲಿಲ್ಲ. ಟಿವಿಯವರು ಹೆದರಿಸುವುದಕ್ಕೆ ಕೊಡುವಷ್ಟು ಹೊತ್ತನ್ನು ಸಮಾಧಾನಕ್ಕೆ ಕೊಡುವುದಿಲ್ಲ. ಇದು ಕೊರೊನಾ ವಿಷಯವೊಂದರಲ್ಲೇ ಅಲ್ಲ, ಬಿಡಿ.

ಅಪಾಯ ನಿಜವಾಗಿ ಕಂಡದ್ದು ಬೇರೆಯವರಲ್ಲಿ. ಕೀಲುವಾತ ಮತ್ತು ಅಂಥ ಕಾಯಿಲೆಗಳಿರುವವರಿಗೆ ಕೊರೊನಾ ಬಂದರೆ ಏನಾಗುತ್ತದೆಂದು ತಿಳಿಯಲು ಹಲವು ದೇಶಗಳ ತಜ್ಞರು ಸೇರಿ 2020ರಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡರು. 40 ದೇಶಗಳ 600 ರೋಗಿಗಳ ಮೊದಲ ಲೆಕ್ಕದಲ್ಲಿ, ದಿನಕ್ಕೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೊಲೋನ್ ಬಗೆಯ ಮಾತ್ರೆ ನುಂಗುತ್ತಿದ್ದವರು ಆಸ್ಪತ್ರೆಗೆ ಸೇರಬೇಕಾಗುವ ಸಂಭವ ಸುಮಾರು ಎರಡು ಪಟ್ಟು ಇದ್ದಂತೆ ಕಂಡಿತು. ಅಂದರೆ ದಿನದಿನವೂ, ತಿಂಗಳುಗಟ್ಟಲೆ ಮೈಯಲ್ಲಿ ಇರುವ ಸ್ಟೀರಾಯ್ಡಿನ ಮಾತೇ ಬೇರೆ. ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಕೀಲಿನೊಳಗೆ ಹೋಗಿ ಕರಗುವುದರ ಮಾತೇ ಬೇರೆ. ಎರಡಕ್ಕೂ ಸ್ಟೀರಾಯ್ಡ್ ಎಂಬ ಒಂದೇ ಹೆಸರಿರುವುದರಿಂದ ಭಯವೂ ಒಂದೇ ಆಗಿಬಿಟ್ಟಿದೆ.

ಇನ್ನು ‘ಕೊರೊನಾಗೆ ಅದೇ ಔಷಧಿ’ ಎನ್ನುವವರಿಗೆ. ನೀವು ಕೇಳಿದ್ದು ಸುಳ್ಳಲ್ಲ, ಅರ್ಧ ಕೇಳಿದ್ದೀರಿ. 2020ರ ಜೂನ್ 16ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ‘ರಿಕವರಿ’ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ ಹೇಳಿದರು. ಆಸ್ಪತ್ರೆ ಸೇರಿದ ಕೊರೊನಾ ರೋಗಿಗಳಲ್ಲಿ ಎರಡು ಸಾವಿರ ಚಿಲ್ಲರೆ ಜನಕ್ಕೆ ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ 10 ದಿನ ಡೆಕ್ಸಾಮೆಥಸೋನ್ ಕೊಟ್ಟಿದ್ದರು. ನಾಲ್ಕು ಸಾವಿರಕ್ಕೂ ಹೆಚ್ಚು ಜನಕ್ಕೆ ಅದಿಲ್ಲದೆ ಮಾಮೂಲು ಚಿಕಿತ್ಸೆ. ವೆಂಟಿಲೇಟರ್ ಮೇಲಿದ್ದವರಲ್ಲಿ ಔಷಧಿ ಸಿಗದೆ ತೀರಿಕೊಂಡವರು ನೂರಕ್ಕೆ 41, ಸಿಕ್ಕವರಲ್ಲಿ 29. ಆಕ್ಸಿಜನ್ ಮೇಲಿದ್ದವರಲ್ಲಿ 26 ಇದ್ದದ್ದು 23ಕ್ಕೆ ಇಳಿಯಿತು. ಹಳೆಯದಾದ, ಅಗ್ಗದ, ನಮ್ಮ ಯಾವುದೇ ಮೆಡಿಕಲ್ ಸ್ಟೋರಿನಲ್ಲೂ ಸಿಗುವ ಔಷಧಿ ಜೀವ ಉಳಿಸುತ್ತದೆಂದು ತಿಳಿದು ಲೋಕವೇ ಹಿಗ್ಗಿತು. ಎರಡು ವಾರ ಕಳೆಯುವುದರೊಳಗೆ ನಮ್ಮ ಕೇಂದ್ರ ಆರೋಗ್ಯ ಇಲಾಖೆಯೂ ಚಿಕಿತ್ಸೆಯ ಪಟ್ಟಿಗೆ ಅದನ್ನು ಸೇರಿಸಿಕೊಂಡಿತು.

ಅದೇ ವರದಿಯಲ್ಲಿ ಮೂರನೆಯ ಸಾಲೊಂದಿತ್ತು. ಆಕ್ಸಿಜನ್ ಬೇಕಾಗದಿದ್ದವರಲ್ಲಿ ಡೆಕ್ಸಾಮೆಥಸೋನ್ ಕೊಡದವರ ಸಾವು ನೂರಕ್ಕೆ 14, ಕೊಟ್ಟವರದ್ದು ಸುಮಾರು 18. ಲಾಭವಿಲ್ಲ, ಬಹುಶಃ ನಷ್ಟ. ವಾಟ್ಸ್‌ಆ್ಯಪಿನಲ್ಲಿ ಮೊದಲ ಎರಡು ಸಾಲು ಓಡಾಡಿದವು, ಮೂರನೆಯದು ಓಡಾಡಲಿಲ್ಲ.

ಯಾಕೆ ಹೀಗೆ? ಕಳ್ಳ ಹಿತ್ತಿಲಿಗೆ ಬಂದ ರಾತ್ರಿ ನಾಯಿ ಬೊಗಳಬೇಕು, ಬೆನ್ನಟ್ಟಬೇಕು. ಆಗಲೇ ಅದರ ಬಾಯಿ ಕಟ್ಟಿದರೆ ಕಳ್ಳನಿಗೆ ಹಬ್ಬ. ಕಳ್ಳ ಓಡಿಹೋದ ಮೇಲೂ ಅದು ತಲೆಕೆಟ್ಟು ಮನೆಯವರಿಗೇ ಬಾಯಿ ಹಾಕತೊಡಗಿದರೆ ಆಗ ಕಟ್ಟಿಹಾಕಲೇಬೇಕು. ನಮ್ಮ ಮೈಯ ಕಾವಲೂ ಆ ನಾಯಿಯ ಹಾಗೆ. ಕೊರೊನಾದ ಮೊದಲ ವಾರ ವೈರಸ್ ಬೆಳೆಯುವ ಹೊತ್ತು. ಸ್ಟೀರಾಯ್ಡ್ ಆಗ ಮೈಯ ಕಾವಲನ್ನು ತಗ್ಗಿಸುತ್ತದೆ. ಕೆಲವರಲ್ಲಿ ಎರಡನೆಯ ವಾರ ಮೈಯ ರೋಷವೇ ಶ್ವಾಸಕೋಶವನ್ನು ಸುಡುತ್ತದೆ. ಸ್ಟೀರಾಯ್ಡ್ ಆಗ ಜೀವ ಉಳಿಸುತ್ತದೆ. ಕೊರೊನಾ ಬರುವ ಮುಂಚೆಯೇ ಮೈಯಲ್ಲಿ ಸ್ಟೀರಾಯ್ಡ್ ಇರಲಿ, ಕಾಪಾಡುತ್ತದೆ ಎನ್ನುವ ವಾದಕ್ಕೆ ಇದರಲ್ಲಿ ಎಲ್ಲೂ ಜಾಗವಿಲ್ಲ.

2021ರ ಏಪ್ರಿಲ್, ಮೇ ತಿಂಗಳುಗಳನ್ನು ನೀವೂ ಮರೆತಿಲ್ಲ, ನಾನೂ ಮರೆತಿಲ್ಲ. ಬೆಡ್ ಇಲ್ಲ, ಆಕ್ಸಿಜನ್ ಇಲ್ಲ. ಯಾರಿಗೋ ಬರೆದುಕೊಟ್ಟ ಚೀಟಿಯ ಫೋಟೊ ಊರೂರು ಸುತ್ತುತ್ತಿತ್ತು. ಅದನ್ನು ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ತಂದು, ಜ್ವರ ಬಂದ ಎರಡನೆಯ ದಿನದಿಂದಲೇ ನುಂಗಿದವರಿದ್ದರು. ಜ್ವರ ಇಳಿಯುತ್ತಿತ್ತು, ಹಸಿವಾಗುತ್ತಿತ್ತು, ಗುಣವಾಯಿತೆಂದೇ ಅನಿಸುತ್ತಿತ್ತು. ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡುತ್ತದೆ, ರೋಗ ಒಳಗೆ ನಡೆಯುತ್ತಲೇ ಇರುತ್ತದೆ. ಮನೆಯಲ್ಲಿ ಯಾರೂ ಷುಗರ್ ನೋಡಲಿಲ್ಲ. ಕೆಲವರಿಗೆ ತಮಗೆ ಷುಗರ್ ಇದೆಯೆಂದೇ ಗೊತ್ತಿರಲಿಲ್ಲ.

ಆಮೇಲೆ ಕಪ್ಪು ಶಿಲೀಂಧ್ರ ಬಂತು. ಮ್ಯೂಕರ್‌ಮೈಕೋಸಿಸ್ ಎಂಬ ಈ ರೋಗದ ಬೂಷ್ಟು ನಮ್ಮ ಸುತ್ತಲಿನ ಮಣ್ಣಿನಲ್ಲಿ, ಗೊಬ್ಬರದಲ್ಲಿ, ಕೊಳೆತ ಹಣ್ಣಿನಲ್ಲಿ ಯಾವಾಗಲೂ ಇದ್ದದ್ದೇ. ಏರಿದ ಷುಗರ್, ತಗ್ಗಿದ ಕಾವಲು, ಇವೆರಡೂ ಒಟ್ಟಿಗೆ ಸಿಕ್ಕಾಗ ಅದು ಮೂಗಿನಿಂದ ಹೊರಟು ಕಣ್ಣಿನ ಗುಳಿ, ಮಿದುಳಿನ ತನಕ ಹೋಗುತ್ತದೆ. 2021ರ ಮೇ 20ರಂದು ಕೇಂದ್ರ ಸರ್ಕಾರ ಈ ರೋಗ ಕಂಡಲ್ಲೆಲ್ಲ ಕಡ್ಡಾಯವಾಗಿ ವರದಿ ಮಾಡುವಂತೆ ರಾಜ್ಯಗಳಿಗೆ ಬರೆಯಿತು. ಜುಲೈ ಹೊತ್ತಿಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಜನಕ್ಕೆ ಬಂದಿತ್ತು, ನಾಲ್ಕು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆಂದೇ ವಾರ್ಡು ತೆರೆಯಬೇಕಾಯಿತು. ಆಂಫೊಟೆರಿಸಿನ್ ಎಂಬ ಸೂಜಿಗಾಗಿ ಮಕ್ಕಳು ಜಿಲ್ಲೆಯಿಂದ ಜಿಲ್ಲೆಗೆ ಅಲೆದರು. ಅಪ್ಪನ ಜೀವ ಉಳಿಯಲೆಂದು ಒಂದು ಕಣ್ಣನ್ನು ತೆಗೆಯಲು ಸಹಿ ಹಾಕಿದವರು ನನ್ನ ಪರಿಚಯದಲ್ಲೇ ಇದ್ದಾರೆ. ಆಗ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ರಣದೀಪ್ ಗುಲೇರಿಯಾ, ಸ್ಟೀರಾಯ್ಡನ್ನು ಹೀಗೆ ಬೇಕಾಬಿಟ್ಟಿ ಬಳಸುವುದೇ ದೊಡ್ಡ ಕಾರಣ ಎಂದು ಮತ್ತೆ ಮತ್ತೆ ಹೇಳಿದರು. ಮಂಡಿಗೆ ಒಂದು ಸೂಜಿ ಹಾಕಿಸಿಕೊಂಡವರಿಂದ ಆ ವಾರ್ಡುಗಳು ತುಂಬಿದ್ದಲ್ಲ. ಅಳತೆಯಿಲ್ಲದೆ, ಹೊತ್ತಲ್ಲದ ಹೊತ್ತಿನಲ್ಲಿ, ಷುಗರ್ ನೋಡದೆ ಕೊಟ್ಟ ಮತ್ತು ನುಂಗಿದ ಸ್ಟೀರಾಯ್ಡಿಗೆ ಅದರಲ್ಲಿ ದೊಡ್ಡ ಪಾಲಿತ್ತು.

ಈಗ ಸಂತೆಯ ಸೂಜಿಗೆ ಬರೋಣ. ನಮ್ಮ ಕಡೆ ಚೀಟಿ ಬರೆದು ಕಳಿಸುವ ಡಾಕ್ಟರಿಗೆ ಹೆಸರಿಲ್ಲ. “ಸೂಜಿ ಹಾಕ್ಲೇ ಇಲ್ಲ, ಎಂಥ ಡಾಕ್ಟ್ರೋ” ಎಂದು ಹೊರಗೆ ಹೋಗಿ ಗೊಣಗಿದ್ದನ್ನು ನಾನೇ ಕಿಟಕಿಯಲ್ಲಿ ಕೇಳಿಸಿಕೊಂಡಿದ್ದೇನೆ. ಈ ಆಸೆಗೆ ತಕ್ಕಂತೆ ಸೂಜಿ ಹಾಕುವವರೂ ಇದ್ದಾರೆ. ಕೆಲವರು ಓದಿದ ಡಾಕ್ಟರರೇ, ಕೆಲವರು ಯಾರದೋ ಶಾಪಿನಲ್ಲಿ ಕಂಪೌಂಡರ್ ಆಗಿದ್ದು ಆಮೇಲೆ ಸ್ವಂತ ಬೋರ್ಡು ಹಾಕಿಕೊಂಡವರು. ಸಂಜೆ ಹಾಕಿಸಿಕೊಂಡರೆ ಬೆಳಗ್ಗೆಗೆ ಮೈ ಹಗುರ, ಗದ್ದೆಗೆ ಹೋಗಬಹುದು, ಮದುವೆಗೆ ಹೋಗಬಹುದು. ಅಷ್ಟು ಬೇಗ, ಅಷ್ಟು ಪೂರ್ತಿ ಹೋಗುವ ನೋವಿನ ಹಿಂದೆ ಬಹಳ ಸಲ ಡೆಕ್ಸಾಮೆಥಸೋನ್ ಅಥವಾ ಬೀಟಾಮೆಥಸೋನ್ ಇರುತ್ತದೆ. ಬಾಟಲಿಯ ಮೇಲೆ ಡೆಕ್ಸೋನಾ, ಬೆಟ್ನಿಸಾಲ್ ಎಂದೆಲ್ಲ ಬರೆದಿರುತ್ತದೆ. ಔಷಧಿಯದೇನೂ ತಪ್ಪಿಲ್ಲ. ಅಲರ್ಜಿಯಿಂದ ಉಸಿರು ಕಟ್ಟಿದವರಿಗೆ, ಮಿದುಳು ಬಾತವರಿಗೆ ಅದೇ ಸಂಜೀವಿನಿ.

ಲೆಕ್ಕವೊಂದನ್ನು ನೋಡಿ. ಡೆಕ್ಸಾಮೆಥಸೋನಿನ 2 ಮಿಲಿಲೀಟರ್ ಬಾಟಲಿಯಲ್ಲಿ ಸಾಮಾನ್ಯವಾಗಿ 8 ಮಿಲಿಗ್ರಾಂ ಇರುತ್ತದೆ. ವೆಂಟಿಲೇಟರ್ ಮೇಲಿದ್ದ ಕೊರೊನಾ ರೋಗಿಗೆ ಆಕ್ಸ್‌ಫರ್ಡಿನವರು ದಿನವೊಂದಕ್ಕೆ ಕೊಟ್ಟ ಪ್ರಮಾಣ ಅದಕ್ಕಿಂತ ತುಸು ಕಡಿಮೆಯೇ. ಕೀಲುವಾತದವರು ನುಂಗುವ ಪ್ರೆಡ್ನಿಸೊಲೋನ್ ಮಾತ್ರೆಗೆ ಹೋಲಿಸಿದರೆ ಬಾಟಲಿಯ ಆ 8 ಮಿಲಿಗ್ರಾಂ ಸುಮಾರು 50 ಮಿಲಿಗ್ರಾಂಗೆ ಸಮ. ಐಸಿಯುನಲ್ಲಿ ಕೊಡುವಷ್ಟನ್ನು ಕಳೆ ಕಿತ್ತ ಬೆನ್ನುನೋವಿಗೆ ಹಾಕಿಸಿಕೊಂಡು ನೀವು ಬಸ್ಸು ಹತ್ತಿ ಮನೆಗೆ ಬರುತ್ತೀರಿ. ಅದೂ ಕೀಲಿನೊಳಗೆ ಹೋಗಿ ನಿಧಾನವಾಗಿ ಕರಗುವುದಲ್ಲ, ಮಾಂಸಖಂಡದಿಂದ ನೇರ ರಕ್ತಕ್ಕೆ. ಒಮ್ಮೆ ಹಾಕಿಸಿಕೊಂಡರೆ ಎರಡು ಮೂರು ದಿನದಲ್ಲಿ ಇಳಿದುಹೋಗುತ್ತದೆ. ವಾರಕ್ಕೊಮ್ಮೆ, ಪ್ರತಿ ಸಂತೆಗೂ ಒಮ್ಮೆ ಆದರೆ? ಅದು ದಿನವೂ ಸ್ಟೀರಾಯ್ಡ್ ನುಂಗುವವರ ಕಡೆಗೇ ವಾಲುತ್ತದೆ. ಕೊರೊನಾ ಬಂದರೆ ಆಸ್ಪತ್ರೆ ಸೇರುವ ಸಂಭವ ಹೆಚ್ಚಿದ್ದದ್ದು ಅವರಲ್ಲೇ ಎಂದು ಆಗಲೇ ಹೇಳಿದೆನಲ್ಲ. ಮಂಡಿನೋವಿಗೆಂದು ಹೆಸರಿಲ್ಲದ ಪುಡಿ ಪೊಟ್ಟಣ ಕೊಡುವ ಕಡೆಯೂ ಇದೇ ಅನುಮಾನ ಇಟ್ಟುಕೊಳ್ಳಿ. ಕೆನ್ನೆ ಚಂದ್ರನ ಹಾಗೆ ದುಂಡಗಾಗುವುದು, ಕೈ ತಗುಲಿದಲ್ಲೆಲ್ಲ ಚರ್ಮದ ಮೇಲೆ ನೀಲಿ ಮಚ್ಚೆ ಏಳುವುದು, ಕೈಕಾಲು ಸಣ್ಣಗಾಗಿ ಹೊಟ್ಟೆ ದಪ್ಪಗಾಗುವುದು ಕಂಡರೆ ಅನುಮಾನವೂ ಬೇಡ, ಆ ಪುಡಿಯನ್ನು ಹಿಡಿದುಕೊಂಡೇ ಒಳ್ಳೆಯ ವೈದ್ಯರ ಹತ್ತಿರ ಹೋಗಿ.

ಸಂತೆಯ ಸೂಜಿಯವರನ್ನಷ್ಟೇ ಬೈದರೆ ನ್ಯಾಯವಾಗದು. ಬೆಳಗ್ಗೆಯಿಂದ ನೂರು ಜನರನ್ನು ನೋಡುವ ದೊಡ್ಡ ಆಸ್ಪತ್ರೆಯ ವೈದ್ಯರೂ ಮಂಡಿಗೆ ಹಾಕಿದ ಔಷಧಿಯ ಹೆಸರು ಬರೆಯದೆ ‘ಇಂಜೆಕ್ಷನ್ ಕೊಡಲಾಗಿದೆ’ ಎಂದಷ್ಟೇ ಗೀಚಿ ಕಳಿಸಿದ್ದುಂಟು. ಅಂಥ ಚೀಟಿ ಹಿಡಿದು ಬಂದವರಿಗೆ ಮುಂದೇನು ಮಾಡಬೇಕೆಂದು ತಿಳಿಯದೆ ನಾನು ತಲೆ ಕೆರೆದುಕೊಂಡಿದ್ದೇನೆ.

ಹಾಗಾದರೆ ಮಂಡಿಗೆ ಹಾಕಿಸಿಕೊಳ್ಳಬಹುದೇ? ಹಾಕಿಸಿಕೊಳ್ಳಬಹುದು, ಬೇಕಾದಾಗ. ಜ್ವರ, ಕೆಮ್ಮು, ಗಂಟಲುನೋವು ಇದ್ದ ದಿನ ಬೇಡ, ಅದು ಕೊರೊನಾ ಇರಲಿ ಬರೀ ನೆಗಡಿ ಇರಲಿ. ಪೂರ್ತಿ ಗುಣವಾಗುವ ತನಕ ಮುಂದೂಡಿ. ಕಾಲಿನಲ್ಲಿ ಹುಣ್ಣು, ಕೀವು ಇದ್ದರೂ ಬೇಡ. ಕೀಲಿನೊಳಗೆ ಸೋಂಕು ಸೇರುವುದು ಬಹಳ ಅಪರೂಪ, ಸಾವಿರಾರು ಸೂಜಿಗಳಲ್ಲಿ ಒಂದಕ್ಕೆ, ಆದರೆ ಸೇರಿದರೆ ಮಂಡಿಯೇ ಹಾಳಾಗಬಹುದು. ಹಾಕಿಸಿಕೊಂಡ ಎರಡು ಮೂರು ದಿನದಲ್ಲಿ ಮಂಡಿ ಕೆಂಪಾಗಿ, ಬಿಸಿಯಾಗಿ, ಮುಂಚೆಗಿಂತ ಹೆಚ್ಚು ನೋವಾದರೆ ಕಾಯಬೇಡಿ. ಮಂಡಿ ಬದಲಿಸುವ ಆಪರೇಷನ್ನಿಗೆ ದಿನ ಗೊತ್ತಾಗಿದ್ದರೆ ಅದಕ್ಕೆ ಮುಂಚಿನ ಮೂರು ತಿಂಗಳು ಆ ಮಂಡಿಗೆ ಸ್ಟೀರಾಯ್ಡ್ ಬೇಡವೆಂದು ಬಹಳ ತಜ್ಞರು ಹೇಳುತ್ತಾರೆ. ಫ್ಲೂ ಅಥವಾ ಕೊರೊನಾ ಲಸಿಕೆ ಹಾಕಿಸಿಕೊಳ್ಳುವವರು ಸಾಧ್ಯವಾದರೆ ಎರಡರ ನಡುವೆ ಒಂದೆರಡು ವಾರ ಅಂತರ ಇಟ್ಟುಕೊಳ್ಳಿ. ಆಗದಿದ್ದರೆ ಲಸಿಕೆ ಬಿಡಬೇಡಿ.

ಷುಗರ್ ಇರುವವರಿಗೆ ಒಂದು ವಿಶೇಷ ಸೂಚನೆ. ಸ್ಟೀರಾಯ್ಡ್ ಏರಿಸುವ ಷುಗರ್ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಮಧ್ಯಾಹ್ನದ ಊಟವಾದ ಮೇಲೆ, ಸಂಜೆ ನೋಡಿದರೆ ಕಾಣುತ್ತದೆ. ಬೆಳಗ್ಗೆ 110 ಇದೆ ಎಂದು ಸುಮ್ಮನಾದವರು ಸಂಜೆ 300 ದಾಟಿದ್ದನ್ನು ಕಂಡಿದ್ದೇನೆ. ಸೂಜಿ ಹಾಕಿಸಿಕೊಂಡ ವಾರವಿಡೀ ಊಟದ ಎರಡು ಗಂಟೆಯ ನಂತರ ನೋಡಿ, ಬರೆದಿಡಿ. ಷುಗರ್ ಮೊದಲೇ ಹತೋಟಿಯಲ್ಲಿ ಇಲ್ಲದಿದ್ದರೆ ಅದನ್ನು ಮೊದಲು ಇಳಿಸಿಕೊಳ್ಳಿ. ಮಂಡಿ ಒಂದು ತಿಂಗಳು ಕಾಯುತ್ತದೆ.

ಒಂದೇ ಕೀಲಿಗೆ ವರ್ಷಕ್ಕೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಬೇಡ ಎನ್ನುವುದು ರೂಢಿಯ ಮಾತು. ನನ್ನನ್ನು ಕೇಳಿದರೆ ಅಷ್ಟೂ ಬೇಡ. 2017ರಲ್ಲಿ ಅಮೆರಿಕದಲ್ಲಿ ಮಂಡಿ ಸವೆದ 140 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ತಿಂಗಳಿಗೊಮ್ಮೆ ಟ್ರಯಾಮ್‌ಸಿನೊಲೋನ್, ಇನ್ನೊಂದಕ್ಕೆ ಬರೀ ಉಪ್ಪುನೀರು ಎರಡು ವರ್ಷ ಹಾಕಿದ ಫಲ ಪ್ರಕಟವಾಯಿತು. ಎರಡು ವರ್ಷದ ಕೊನೆಗೆ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಮೃದ್ವಸ್ಥಿ ಮಾತ್ರ ಸ್ಟೀರಾಯ್ಡಿನವರಲ್ಲಿ ಹೆಚ್ಚು ಸವೆದಿತ್ತು. ಹಾಗಾಗಿ ಮಂಡಿ ಬಾತು ನಡೆಯಲಾಗದ ಹೊತ್ತಿನಲ್ಲಿ ಒಂದು ಸೂಜಿ, ಅದು ಕೊಟ್ಟ ಬಿಡುವಿನಲ್ಲಿ ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ, ಇದು ಸರಿಯಾದ ದಾರಿ. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ ಹತ್ತು ಎಣಿಸಿ ಇಳಿಸುವುದಕ್ಕೆ ದುಡ್ಡೂ ಬೇಡ, ಡಾಕ್ಟರೂ ಬೇಡ. ಇದನ್ನು ಹೇಳಿದಾಗ ನೀವೆಲ್ಲ ತಲೆಯಾಡಿಸುತ್ತೀರಿ, ಮಾಡುವವರು ಬೆರಳೆಣಿಕೆ. ಅದೂ ನನಗೆ ಗೊತ್ತು.

ಕೊನೆಗೆ, ನಿಮ್ಮಲ್ಲೇ ಬೇರೆ ಕಾಯಿಲೆಗೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ. ಕೀಲುವಾತ, ಲೂಪಸ್, ಕಿಡ್ನಿಯ ಕೆಲವು ಕಾಯಿಲೆಗಳಿಗೆ ವೈದ್ಯರು ಅಳೆದು ತೂಗಿ ಬರೆದ ಮಾತ್ರೆ ಅದು. ಈ ಪತ್ರ ಓದಿ ಹೆದರಿ ನಾಳೆಯಿಂದ ನಿಲ್ಲಿಸಿದರೆ ನನ್ನ ಉದ್ದೇಶವೇ ತಲೆಕೆಳಗಾಗುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದ ಅಡ್ರಿನಲ್ ಗ್ರಂಥಿ ಒಂದೇ ದಿನದಲ್ಲಿ ಎಚ್ಚರವಾಗುವುದಿಲ್ಲ. ಬಿಪಿ ಕುಸಿದು, ವಾಂತಿಯಾಗಿ, ಪ್ರಜ್ಞೆ ತಪ್ಪಿ ಪ್ರಾಣಕ್ಕೇ ಬರಬಹುದು. ಜ್ವರ ಬಂದ ದಿನಗಳಲ್ಲಂತೂ ಮಾತ್ರೆಯನ್ನು ನಿಲ್ಲಿಸುವುದಿರಲಿ, ಕೆಲವರಿಗೆ ಹೆಚ್ಚಿಸಬೇಕಾಗುತ್ತದೆ. ನಿಮಗೆಷ್ಟು ಎಂಬುದನ್ನು ಈಗಲೇ, ಚೆನ್ನಾಗಿರುವಾಗಲೇ, ನಿಮ್ಮ ವೈದ್ಯರನ್ನು ಕೇಳಿ ಬರೆಸಿಟ್ಟುಕೊಳ್ಳಿ. 2020ರಲ್ಲಿ ಸ್ಟೀರಾಯ್ಡ್ ಎಂಬ ಹೆಸರಿಗೇ ಬೆಚ್ಚಿ ಆಸ್ತಮಾದ ಇನ್ಹೇಲರ್ ಬಿಟ್ಟವರೂ ಇದ್ದರು. ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡಿನ ಪ್ರಮಾಣ ಬಹಳ ಸಣ್ಣದು, ಅದನ್ನು ಬಿಟ್ಟು ಆಸ್ತಮಾ ಕೆರಳಿಸಿಕೊಂಡರೆ ಕೊರೊನಾ ಬರುವ ಮುಂಚೆಯೇ ಆಸ್ಪತ್ರೆ ಸೇರಬೇಕಾದೀತು. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ, ಅಷ್ಟು ಸಾಕು.

ಇನ್ನು ಮುಂದೆ ಯಾವ ಸೂಜಿಯೇ ಆಗಲಿ, ಹಾಕುವ ಮುಂಚೆ “ಇದರ ಹೆಸರೇನು, ಬರೆದುಕೊಡಿ” ಎಂದು ಕೇಳಿ. ಕೇಳಲು ಸಂಕೋಚವಾದರೆ ಜೊತೆಗೆ ಬಂದ ಮೊಮ್ಮಗಳಿಗೆ ಬಾಟಲಿಯ ಫೋಟೊ ತೆಗೆಯಲು ಹೇಳಿ. ಬರೆದುಕೊಡಲು ಒಪ್ಪದವರ ಹತ್ತಿರ ಹಾಕಿಸಿಕೊಳ್ಳಬೇಡಿ. ಜ್ವರವೋ ಕೆಮ್ಮೋ ಬಂದು ಯಾವ ಆಸ್ಪತ್ರೆಗೆ ಹೋದರೂ ಆ ಚೀಟಿ ಕೈಯಲ್ಲಿರಲಿ, ಬಾಯಿಬಿಟ್ಟೂ ಹೇಳಿ: ಇಂಥ ತಾರೀಖು, ಇಂಥ ಕಡೆ, ಇಂಥ ಸೂಜಿ ಹಾಕಿಸಿಕೊಂಡಿದ್ದೇನೆ. ಜ್ವರ 99 ಇದ್ದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಷುಗರ್ ಕೂಡಲೇ ನೋಡಬೇಕು ಎಂಬುದು ಎದುರಿಗಿರುವ ವೈದ್ಯರಿಗೆ ಆಗ ತಾನೇ ತಿಳಿಯುತ್ತದೆ.

ಇಂತಿ ನಿಮ್ಮವ,
ಒಬ್ಬ ನಿವೃತ್ತ ವೈದ್ಯ